ಇಟಲಿಯ ಬಾಗಿಲಲ್ಲಿ ಚಟ್ನಿಪುಡಿ

ದೆಹಲಿಯ ಆರ್.ಕೆ.ಪುರಂನ ನಮ್ಮ ಸೆಕ್ಟರಿನ ಮಾರ್ಕೆಟ್ಟಿನಲ್ಲಿ ಡ್ರೈಕ್ಲೀನಿಂಗ್ ಅಂಗಡಿ ಮುಚ್ಚಿ, ಆ ಜಾಗದಲ್ಲಿ 'ಆಥೆಂಟಿಕ್ ಇಟಾಲಿಯನ್' ಎಂಬ ಬೋರ್ಡು ಏರಿದಾಗ, ಇಟಲಿಯನ್ನು ಕಂಡವರು ನಮ್ಮ ಕ್ವಾರ್ಟರ್ಸಿನಲ್ಲಿ ಒಬ್ಬರೂ ಇರಲಿಲ್ಲ. ಅಭಿಪ್ರಾಯಕ್ಕೆ ಮಾತ್ರ ಬರವಿರಲಿಲ್ಲ. ನಮ್ಮ ಭಾನುವಾರದ ಕನ್ನಡ ಗುಂಪಿನ ಹಿರಿಯರೊಬ್ಬರು ಹಿಂದೊಮ್ಮೆ ಸರ್ಕಾರಿ ಕೆಲಸದ ಮೇಲೆ ಎಲ್ಲಿಗೋ ಹೋಗುವಾಗ ರೋಮ್ ವಿಮಾನ ನಿಲ್ದಾಣದಲ್ಲಿ ಕೂತು ಕಾಫಿ ಕುಡಿದಿದ್ದರು. ಅದೊಂದು ಕಾಫಿಯ ಬಲದ ಮೇಲೆ ಅವರು ಇಟಲಿಯ ತಜ್ಞರಾದರು. ಎದುರು ಮನೆಯ ಪಂಜಾಬಿ ಆಂಟಿಯ ಅರ್ಹತೆ ಇನ್ನೂ ದೊಡ್ಡದು. ಆ ವರ್ಷಗಳಲ್ಲಿ ದೆಹಲಿಯ ಮದುವೆಗಳಲ್ಲಿ ಗೋಲ್‌ಗಪ್ಪೆಯ ಪಕ್ಕ ಪಾಸ್ತಾ ಕೌಂಟರ್ ಇಲ್ಲದಿದ್ದರೆ ಬೀಗರು ಮುಖ ಊದಿಸಿಕೊಳ್ಳುತ್ತಿದ್ದರು. ಬಿಳಿ ಟೋಪಿಯ ಭಯ್ಯಾ ಬಾಣಲೆ ಹಾರಿಸಿ, ಕ್ರೀಮು ಸುರಿದು, ಮೇಲೊಂದು ಹಿಡಿ ಸ್ವೀಟ್ ಕಾರ್ನ್ ಎರಚಿ ಕೊಡುತ್ತಿದ್ದ. ಆಂಟಿ ಚಳಿಗಾಲದ ಒಂದು ಮದುವೆಯನ್ನೂ ತಪ್ಪಿಸಿದವರಲ್ಲ.

ನನ್ನದು ಅಭಿಪ್ರಾಯವಲ್ಲ, ಚಿಂತೆ. ಆ ವಿಷಯದಲ್ಲಿ ನಾನು ಯಾರಿಗೂ ಸೋತವನಲ್ಲ. ಗ್ಯಾಸ್ ಸಿಲಿಂಡರಿನ ನಾಬು ತಿರುಗಿಸಿದೆನೋ ಇಲ್ಲವೋ ಎಂದು ಬಸ್ಸಿಳಿದು ವಾಪಸು ಬಂದವನು ನಾನು. ಅಂಥವನಿಗೆ ಆ ಹೋಟೆಲಿನ ಒಡತಿ ಪರಿಚಯದವಳಾಗಿಬಿಟ್ಟರೆ ಕೇಳಬೇಕೆ?

ಅವಳು ಮಂಗಳೂರಿನ ಕ್ರೈಸ್ತರ ಮನೆಯ ಹುಡುಗಿ. ಗುರ್‌ಗಾಂವಿನ ಕಂಪನಿಯಲ್ಲಿದ್ದಾಗ ಪ್ರತಿ ಭಾನುವಾರ ನಮ್ಮ ಗುಂಪಿಗೆ ಬಂದು, ನನ್ನ ಹೆಂಡತಿ ಮಾಡಿದ್ದನ್ನೆಲ್ಲ ತಿಂದು, 'ಆಂಟಿ, ಇಂಗು ಜಾಸ್ತಿ' ಎನ್ನುವ ಧೈರ್ಯವಿದ್ದವಳು. ಇದ್ದಕ್ಕಿದ್ದಂತೆ ಕೆಲಸ ಬಿಟ್ಟು ಇಟಲಿಗೆ ಹೋದಳು. ಅಲ್ಲಿಯ ಯಾವುದೋ ಸಣ್ಣ ಊರಿನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ಕಲಿತು ಬಂದು, ಕಾಲೇಜಿನ ಸ್ನೇಹಿತನೊಬ್ಬನನ್ನು ಪಾಲುದಾರನನ್ನಾಗಿ ಮಾಡಿಕೊಂಡು ಈ ಜಾಗ ಹಿಡಿದಿದ್ದಳು. ಪಾಲುದಾರನಿಗೆ ಬೇಕಾದದ್ದು ಬೆಣ್ಣೆ ಸುರಿದ ಪನೀರ್ ಮಖನಿ ಪಾಸ್ತಾ, ತಂದೂರಿ ಪಿಜ್ಜಾ. ಇಬ್ಬರೂ ಜಗಳವಾಡಿ ಒಂದು ರಾಜಿಗೆ ಬಂದಿದ್ದರು: ದೀಪಾವಳಿಯವರೆಗೆ ಅವಳ ಅಡುಗೆ, ಅಷ್ಟರಲ್ಲಿ ಮೇಜು ತುಂಬದಿದ್ದರೆ ಅವನ ಮೆನು.

"ಅವನ ಮೆನು ಬಂದ ದಿನ ನಾನು ಹೊರಗೆ ಅಂಕಲ್," ಅಂದಳು. "ಮಖನಿ ಕಲಸೋಕೆ ಅವನಿಗೆ ನಾನ್ಯಾಕೆ ಬೇಕು?"

ಅಂದಿನಿಂದ ನನಗೆ ಸಂಜೆ ಹಾಲು ತರುವ ಹುಚ್ಚು ಹಿಡಿಯಿತು. ಮದರ್ ಡೈರಿಯ ಬೂತಿಗೆ ಹೋಗುವ ದಾರಿಯಲ್ಲಿ ಆ ಗಾಜಿನ ಬಾಗಿಲೊಳಗೆ ಇಣುಕಬಹುದಿತ್ತು. ಖಾಲಿ ಮೇಜು, ಮಡಿಸಿಟ್ಟ ಕೆಂಪು ಬಟ್ಟೆ, ಒಳಗೆ ಕೈಕಟ್ಟಿ ನಿಂತ ಅವಳು. ಮನೆಯಲ್ಲಿ ಹಾಲು ಹೆಚ್ಚಾಗಿ ಮೊಸರಾಯಿತು, ಮೊಸರು ಹೆಚ್ಚಾಗಿ ಮಜ್ಜಿಗೆಹುಳಿಯಾಯಿತು. ಮೂರನೆಯ ಸಲ ಮಜ್ಜಿಗೆಹುಳಿ ಬಡಿಸುವಾಗ ಹೆಂಡತಿ, "ಚಿಂತೆ ಮಾಡೋದಾದ್ರೆ ಒಳಗೆ ಹೋಗಿ ಕೂತು ಮಾಡಿ. ಹೊಟ್ಟೆಗಾದರೂ ಏನಾದರೂ ಬೀಳುತ್ತೆ," ಅಂದಳು.

ಆವೇಶದಲ್ಲಿ ನಾನು ನಮ್ಮ ಭಾನುವಾರದ ಗುಂಪನ್ನೆಲ್ಲ ಅಲ್ಲಿಗೇ ಕರೆತರುತ್ತೇನೆ ಎಂದು ಹುಡುಗಿಗೆ ಮಾತು ಕೊಟ್ಟೆ. ಮಾತು ಕೊಟ್ಟ ಮರುಕ್ಷಣ ಹಿರಿಯರ ಹಲ್ಲು, ಮೈದಾ, ನನ್ನ ಆಸಿಡಿಟಿ, ಎಲ್ಲ ಒಟ್ಟಿಗೆ ಕಣ್ಣೆದುರು ಬಂದವು. ಗುಂಪಿಗೆ ಇಷ್ಟವಾಗದಿದ್ದರೆ ಆರ್.ಕೆ.ಪುರಂನಿಂದ ಲೋಧಿ ಕಾಲೋನಿಯವರೆಗೆ ಒಂದೇ ಸಂಜೆಯಲ್ಲಿ ಸುದ್ದಿ ಹೋಗುತ್ತದೆ. ಆದ್ದರಿಂದ ಮುನ್ನೆಚ್ಚರಿಕೆಯಾಗಿ, ಯಾರಿಗೂ ತಿಳಿಯದ ಹಾಗೆ, ಜೇಬಿನಲ್ಲಿ ಚಟ್ನಿಪುಡಿಯ ಪುಟ್ಟ ಸ್ಟೀಲ್ ಡಬ್ಬ ಇಟ್ಟುಕೊಂಡೆ. ದೆಹಲಿಯ ಕನ್ನಡಿಗನಿಗೆ ಇದೊಂದು ಹಳೆಯ ಅಭ್ಯಾಸ. ಊರಿಗೆ ಹೋಗುವ ಉದ್ದದ ರೈಲಿನಲ್ಲಿ ಶುರುವಾದದ್ದು, ಆಮೇಲೆ ಆಫೀಸಿನ ಕ್ಯಾಂಟೀನಿಗೂ ಮದುವೆಗೂ ಹಬ್ಬಿದ್ದು. ರಾಜಮಾ ಸಪ್ಪೆಯಿದ್ದರೆ ಪುಡಿ, ಪರಾಠಾ ಒಣಗಿದ್ದರೆ ಪುಡಿ.

ಭಾನುವಾರ ಎಲ್ಲರೂ ಬಂದರು. ಪಂಜಾಬಿ ಆಂಟಿಯನ್ನೂ ಕರೆದಿದ್ದೆವು; ಕರೆಯದಿದ್ದರೆ ಅವರೇ ಬರುತ್ತಿದ್ದರು. ಮೊದಲು ಪಿಜ್ಜಾ ಬಂತು. ತೆಳ್ಳಗೆ, ಅಂಚು ಅಲ್ಲಲ್ಲಿ ಕಪ್ಪಾಗಿ, ಮೇಲೆ ಟೊಮೆಟೊ, ಚೀಸು, ನಾಲ್ಕು ಎಲೆ.

"ಹಪ್ಪಳಕ್ಕೆ ಗೊಜ್ಜು ಸವರಿದ ಹಾಗಿದೆ," ಎಂದರು ಹಿರಿಯರು.

"ಕ್ಯಾಪ್ಸಿಕಂ ಕಹಾಂ ಹೈ?" ಎಂದು ಆಂಟಿ ತಟ್ಟೆಯನ್ನು ತಿರುಗಿಸಿ ತಿರುಗಿಸಿ ಹುಡುಕಿದರು.

ಆಮೇಲೆ ರಿಸೊಟ್ಟೊ ಎಂಬ ಅಕ್ಕಿಯ ಪದಾರ್ಥ ಬಂತು. ಹಿರಿಯರು ಒಂದು ಚಮಚ ಬಾಯಿಗಿಟ್ಟು ಬಹಳ ಹೊತ್ತು ಯೋಚಿಸಿದರು. "ನೋಡೋಕೆ ಗಂಜಿ. ಅಗಿದ್ರೆ ಅಕ್ಕಿ ಇನ್ನೂ ಗಟ್ಟಿ. ಇದು ಹ್ಯಾಗೆ ಸಾಧ್ಯ ಮಾರಾಯ್ರೇ?"

ಕೊನೆಗೆ ಪಾಸ್ತಾ: ಉದ್ದ ಎಳೆಗಳು, ಬೆಳ್ಳುಳ್ಳಿ, ಎಣ್ಣೆ, ಅಷ್ಟೇ. ನಾನು ಎಡಗೈಯನ್ನು ಮೆಲ್ಲಗೆ ಜೇಬಿಗೆ ಇಳಿಸಿದೆ. ಮೇಜಿನ ಕೆಳಗೆ ಮುಚ್ಚಳ ತಿರುಗಿಸಿದೆ. ಅದೇ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಮುಚ್ಚಳದ ಸದ್ದು. ಅದರಾಚೆ ಮತ್ತೊಂದು. ತಲೆಯೆತ್ತಿ ನೋಡಿದರೆ ಬ್ಯಾಗಿನಿಂದ, ಪರ್ಸಿನಿಂದ, ಹಿರಿಯರ ಕೋಟಿನ ಒಳಜೇಬಿನಿಂದ ಒಂದೊಂದೇ ಡಬ್ಬ ಹೊರಬರುತ್ತಿತ್ತು. ಚಟ್ನಿಪುಡಿ, ನಿಂಬೆಕಾಯಿ ಉಪ್ಪಿನಕಾಯಿ, ಹುರಿದ ಮೆಣಸಿನಕಾಯಿ. ಯಾರೋ ಮೊಸರನ್ನವನ್ನೇ ತಂದಿದ್ದರು. ಪಂಜಾಬಿ ಆಂಟಿ ತಮ್ಮ ಚೀಲದಿಂದ ಕೆಚಪ್ಪಿನ ಬಾಟಲಿಯನ್ನೇ ತೆಗೆದು ಮೇಜಿನ ನಡುವೆ ಸ್ಥಾಪಿಸಿದರು.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲು ತೆರೆದು ಹುಡುಗಿ ಬಂದಳು. ಕೈ ಒರೆಸಿಕೊಳ್ಳುತ್ತಿದ್ದವಳು ಹಾಗೇ ನಿಂತಳು. ಅವಳ ಕಣ್ಣು ತುಂಬುತ್ತದೆ, ದೀಪಾವಳಿಯವರೆಗೂ ಕಾಯದೆ ಇವತ್ತೇ ಎಲ್ಲ ಮುಗಿಯಿತು, ಮುಗಿಸಿದವನು ನಾನೇ ಎಂದುಕೊಂಡೆ.

ಅವಳು ಅಳಲಿಲ್ಲ. "ಅಂಕಲ್, ಮುಚ್ಚಿ ಡಬ್ಬ," ಅಂದಳು.

"ಸುಮ್ನೆ ತಂದೆ ಕಣಮ್ಮ, ಇರಲಿ ಅಂತ."

"ನಮ್ಮಮ್ಮ ಮಾಡಿದ ಮೀನ್ ಸಾರಿಗೆ ಯಾರಾದ್ರೂ ಕೆಚಪ್ ಹಾಕಿದ್ರೆ ಅಮ್ಮ ಹೊಡೆಯೋಕೆ ಸೌಟು ತಗೋತಿದ್ರು. ನನ್ನ ಕೈಲೂ ಸೌಟಿದೆ."

ಆಂಟಿ ಸೋಲುವವರಲ್ಲ. ಫೋರ್ಕಿನಲ್ಲಿ ಒಂದು ಎಳೆ ಎತ್ತಿ ತೋರಿಸಿ, "ಪರ್ ಬೇಟಾ, ಯೇ ತೋ ಕಚ್ಚಾ ಹೈ! ಶಾದಿಯೋಂ ಮೇಂ ತೋ ಇತನಾ ನರಮ್ ಹೋತಾ ಹೈ," ಎಂದರು. ಹಸಿಯಾಗಿದೆ, ಮದುವೆಯ ಪಾಸ್ತಾ ಮೆತ್ತಗಿರುತ್ತದೆ ಎಂಬ ತೀರ್ಪು ಅದು. ನಮ್ಮವರಲ್ಲೂ ಒಂದಿಬ್ಬರು ತಲೆಯಾಡಿಸಿದರು.

ಅಷ್ಟು ಹೊತ್ತು ತನ್ನ ಪಾಡಿಗೆ ತಿನ್ನುತ್ತಿದ್ದ ನನ್ನ ಹೆಂಡತಿ ತಟ್ಟೆ ಪಕ್ಕಕ್ಕಿಟ್ಟಳು. ಅವಳು ಶಾಲೆಯಲ್ಲಿ ಪಾಠ ಹೇಳುವವಳು. ಆ ಧ್ವನಿ ಬಂದರೆ ನಾನು ಮನೆಯಲ್ಲೂ ನೆಟ್ಟಗೆ ಕೂರುತ್ತೇನೆ.

"ಅಲ್ರೀ, ನೀವೆಲ್ಲ ಶಾವಿಗೆ ಉಪ್ಪಿಟ್ಟು ತಿಂದವರಲ್ವಾ? ಎಳೆ ಎಳೆ ಬಿಡಿಬಿಡಿಯಾಗಿ ಇರಬೇಕು ಅಂತ ತಾನೇ ಹೆಂಗಸರ ಜೀವ ತೆಗೀತೀರಿ? ಮದುವೆಯಾದ ಹೊಸತರಲ್ಲಿ ನಾನು ಮಾಡಿದ ಶಾವಿಗೆ ಸ್ವಲ್ಪ ಮೆತ್ತಗಾಯ್ತು ಅಂತ ಇವರು, ಇದೇ ಇವರು, 'ಇದನ್ನ ಗೋಡೆಗೆ ಬಳಿಯಬಹುದು' ಅಂದಿದ್ರು. ಈಗ ಈ ಹುಡುಗಿ ಒಂದು ಎಳೇನೂ ಮುದ್ದೆ ಮಾಡದೆ ಕೊಟ್ಟಿದ್ದಾಳೆ. ಬೆಂದಿಲ್ವಂತೆ!" ಆಮೇಲೆ ಆಂಟಿಯ ಕಡೆ ತಿರುಗಿ, "ದೀದಿ, ಶಾದಿವಾಲಾ ಪಾಸ್ತಾ ನರಮ್ ನಹೀಂ, ಬೇಹೋಶ್ ಹೋತಾ ಹೈ," ಅಂದಳು.

ಪ್ರಜ್ಞೆ ತಪ್ಪಿದ ಪಾಸ್ತಾ ಎಂಬ ಮಾತಿಗೆ ಆಂಟಿಗೇ ಮೊದಲು ನಗು ಬಂತು. ಹಿರಿಯರು ಮತ್ತೊಂದು ಸುತ್ತು ಬಾಯಿಗಿಟ್ಟು, ಈ ಸಲ ಶಾವಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಅಗಿದು, "ಹಾಗೆ ನೋಡಿದ್ರೆ ಸರಿಯಾಗಿದೆ," ಎಂದರು. "ರೋಮಿನಲ್ಲೂ ಹೀಗೇ."

ಹುಡುಗಿ ಮಾತ್ರ ಡಬ್ಬಗಳನ್ನು ಕ್ಷಮಿಸಲಿಲ್ಲ. ಒಂದು ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆ ಬಂದು ಎಲ್ಲವನ್ನೂ ವಸೂಲು ಮಾಡಿದಳು. ಬಾಗಿಲ ಪಕ್ಕ ಡ್ರೈಕ್ಲೀನಿಂಗ್‌ನವನು ಬಟ್ಟೆಗಂಟು ಇಡುತ್ತಿದ್ದ ಹಲಗೆ ಇನ್ನೂ ಇತ್ತು. ಅದರ ಮೇಲೆ ಸಾಲಾಗಿ ಜೋಡಿಸಿ, ಕೆಚಪ್ಪನ್ನು ಕೊನೆಗಿಟ್ಟು ಹೇಳಿದಳು: "ಚಪ್ಪಲಿ ಹೊರಗೆ ಬಿಡಲ್ವಾ? ಹಾಗೇ ಇದು. ಹೋಗುವಾಗ ತಗೊಂಡು ಹೋಗಿ."

ಆ ಹಲಗೆಯೇ ಹೋಟೆಲನ್ನು ಉಳಿಸಿತು ಎಂದು ನಾನು ಯಾವ ಅನುಮಾನವೂ ಇಲ್ಲದೆ ಹೇಳಬಲ್ಲೆ. ನನ್ನಂಥವನು ಅನುಮಾನವಿಲ್ಲದೆ ಹೇಳುವ ಮಾತು ಕಡಿಮೆ. ಆಂಟಿ ಮರುದಿನದಿಂದಲೇ ತರಕಾರಿ ಗಾಡಿಯ ಮುಂದೆ, ಪಾರ್ಕಿನ ಬೆಂಚಿನಲ್ಲಿ, 'ಆ ಹುಡುಗಿ ನನ್ನ ಕೆಚಪ್ ಕಿತ್ತುಕೊಂಡಳು' ಎಂದು ದೂರಿದರು. ಅಂಥ ಧಿಮಾಕು ಯಾರದ್ದು ಎಂದು ನೋಡಲು ಜನ ಹೊರಟರು. ಬರುವಾಗ ಸುಮ್ಮನೆ ಬರಲಿಲ್ಲ, ಅವಳನ್ನು ಪರೀಕ್ಷಿಸಲು ತಮ್ಮ ತಮ್ಮ ಅಸ್ತ್ರ ಹಿಡಿದು ಬಂದರು: ಮಾವಿನ ಅಚಾರು, ಬಂಗಾಳಿಗಳ ಸಾಸಿವೆ ಗೊಜ್ಜು, ಹಸಿಮೆಣಸು. ಎಲ್ಲವೂ ಹಲಗೆಯ ಮೇಲೆ ಕೂತವು. ಉಂಡವರಲ್ಲಿ ಕೆಲವರು ಬೈದರು, ಕೆಲವರು ಹೊಗಳಿದರು, ಬೈದವರು ಇನ್ನೊಮ್ಮೆ ಬೈಯಲು ಮತ್ತೆ ಬಂದರು.

ನಾನು ಹಾಲಿನ ನೆಪ ಬಿಡಲಿಲ್ಲ. ಈಗ ಮೇಜು ನೋಡಬೇಕಾಗಿರಲಿಲ್ಲ, ಗಾಜಿನಾಚೆಯ ಹಲಗೆ ನೋಡಿದರೆ ಸಾಕಿತ್ತು.

ದೀಪಾವಳಿಗೆ ಮುಂಚಿನ ಶನಿವಾರ ಪಾಲುದಾರ ಬರುತ್ತಾನೆ ಎಂದು ತಿಳಿದು, ಹೆಂಡತಿಯನ್ನು ಅವಸರಪಡಿಸಿ ಕರೆದುಕೊಂಡು ಹೊರಟೆ. ನಾವಿಬ್ಬರು ಕೂತರೆ ಒಂದು ಮೇಜಾದರೂ ತುಂಬೀತು ಎಂಬ ಲೆಕ್ಕ. ಹೋಗಿ ನೋಡಿದರೆ ಪಾಲುದಾರನೇ ಬಾಗಿಲಲ್ಲಿ ನಿಂತಿದ್ದ. ಅವನಿಗೂ ಕೂರಲು ಜಾಗವಿರಲಿಲ್ಲ. ಹಲಗೆಯ ಮೇಲಿನ ಡಬ್ಬಗಳನ್ನು ನೋಡುತ್ತ, "ಯೇ ಸಬ್ ಕ್ಯಾ ಹೈ?" ಎಂದು ಕೇಳಿದ.

"ನನ್ನ ಗಿರಾಕಿಗಳು," ಎಂದಳು ಹುಡುಗಿ, ಕನ್ನಡದಲ್ಲೇ. ಅವನಿಗೆ ಅದು ಅರ್ಥವಾಯಿತೋ ಇಲ್ಲವೋ, ಮಖನಿಯ ಮಾತನ್ನಂತೂ ಎತ್ತಲಿಲ್ಲ.

ಬಹಳ ಹೊತ್ತಿನ ಮೇಲೆ ನಮಗೆ ಮೂಲೆಯ ಮೇಜು ಸಿಕ್ಕಿತು. ನಾನು ಶಿಸ್ತಿನಿಂದ ಜೇಬಿನ ಡಬ್ಬ ತೆಗೆದು ಹಲಗೆಯ ಬಳಿ ಹೋದೆ. ಇಡಲು ಬೆರಳಗಲ ಜಾಗವಿರಲಿಲ್ಲ. ಕೆಚಪ್ಪನ್ನು ಸರಿಸಿ ನೋಡಿದೆ, ಅಚಾರನ್ನು ಒತ್ತಿ ನೋಡಿದೆ. ಕಡೆಗೆ ವಾಪಸು ಬಂದು, ಅದನ್ನು ತೊಡೆಯ ಮೇಲಿಟ್ಟುಕೊಂಡು, ಮುಚ್ಚಳದ ಮೇಲೆ ಒಂದು ಕೈ ಭದ್ರವಾಗಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಊಟ ಮಾಡಿದೆ. ಅವಳು ನೋಡಿದರೆ ಏನೆಂದುಕೊಳ್ಳುತ್ತಾಳೋ ಎಂಬ ಚಿಂತೆಯೊಂದನ್ನು ಬಿಟ್ಟರೆ, ಆ ರಾತ್ರಿ ನನಗೆ ಬೇರೆ ಚಿಂತೆ ಇರಲಿಲ್ಲ.