ಹಿಂಬಾಗಿಲಿನ ವಾರಿಜಾ ಮೇಡಂ

ವಾರಿಜಾ ಮೇಡಂಗೆ ಹೊಟ್ಟೆಕಿಚ್ಚಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಾಲೇಜಿನಲ್ಲಿ ಅವರನ್ನು ಬಲ್ಲವರೆಲ್ಲ ಇದನ್ನೇ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಆದರೆ ಅವರಿಗೆ ಗೊತ್ತಿರುವುದು ಅಷ್ಟೇ. ನಾನು ಅದೇ ಕಾಲೇಜಿನ ಲೈಬ್ರರಿಯಲ್ಲಿ ಇದ್ದವಳು, ನನಗೆ ಇನ್ನೂ ಸ್ವಲ್ಪ ಗೊತ್ತು.

ಜಯನಗರದ ನಮ್ಮ ಕಾಲೇಜಿನಲ್ಲಿ ತೊಂಬತ್ತರ ದಶಕದಲ್ಲಿ ‘ಕಲಿಕೆಯೊಂದಿಗೆ ಗಳಿಕೆ’ ಎಂಬ ಯೋಜನೆ ಶುರುವಾಯಿತು. ಕಷ್ಟದಲ್ಲಿರುವ ಹುಡುಗ ಹುಡುಗಿಯರಿಗೆ ತರಗತಿ ಮುಗಿದ ಮೇಲೆ ಕಾಲೇಜಿನಲ್ಲೇ ಏನಾದರೂ ಕೆಲಸ ಕೊಟ್ಟು ಸಂಬಳ ಕೊಡುವುದು. ಅದರ ಉಸ್ತುವಾರಿ ಆಫೀಸಿನ ವಾರಿಜಾ ಮೇಡಂದು. ಹನುಮಂತನಗರದಿಂದ ಬಸ್ಸು ಹಿಡಿದು ಬರುತ್ತಿದ್ದರು. ಗಂಜಿ ಹಾಕಿದ ಕಾಟನ್ ಸೀರೆ, ಸಿಡುಕು ಮುಖ. ಮದುವೆಯಾಗಿರಲಿಲ್ಲ. ಮಾತಿನಲ್ಲಿ ಬೆಣ್ಣೆ ಹಚ್ಚುವುದಂತೂ ಗೊತ್ತೇ ಇರಲಿಲ್ಲ.

ಅವರದೊಂದು ಪದ್ಧತಿ ಇತ್ತು. ಯಾವ ಮಗುವನ್ನೂ ನಾಲ್ಕು ಜನರ ಕಣ್ಣಿಗೆ ಬೀಳುವ ಕಡೆ ಕೂರಿಸುತ್ತಿರಲಿಲ್ಲ. ಲೈಬ್ರರಿ ಕೌಂಟರ್ ಬೇಡ, ಹಿಂದಿನ ಕೋಣೆಯಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಅಂಟಿಸಲಿ. ಲ್ಯಾಬಿನ ಗಾಜಿನ ಸಾಮಾನನ್ನು ಎಲ್ಲರೂ ಹೋದ ಮೇಲೆ ತೊಳೆಯಲಿ. ಬರುವುದೂ ಹೋಗುವುದೂ ಹಿಂಬಾಗಿಲಿನಿಂದ. ಯಾರಾದರೂ ವಿಚಾರಿಸಿದರೆ “ಓದ್ಕೊಳ್ತಾ ಕೂತಿದಾಳೆ” ಅನ್ನಬೇಕು ಎಂದು ನನಗೂ ತಾಕೀತು ಮಾಡಿದ್ದರು.

ಇದೇನು ಕಳ್ಳರ ವ್ಯವಹಾರವೇ ಎಂದು ಒಮ್ಮೆ ನಾನು ರೇಗಿಸಿದೆ. ಅವರು ನಗಲಿಲ್ಲ.

“ನಾನು ಓದೋವಾಗ ಅಟೆಂಡರ್ ಕ್ಲಾಸಿನ ಬಾಗಿಲಲ್ಲಿ ನಿಂತು, ಫೀಸಿಲ್ದೆ ಓದೋ ಫ್ರೀಶಿಪ್‌ನೋರು ಆಫೀಸಿಗೆ ಬರ್ಬೇಕಂತೆ ಅಂತ ಕೂಗೋನು ಗಿರಿಜಾ. ನಾನು ಎದ್ರೆ ಇಡೀ ಕ್ಲಾಸು ತಿರುಗಿ ನೋಡೋದು.”

ಎರಡು ಸಾವಿರದ ಇಸವಿ ದಾಟಿದ ಮೇಲೆ ಮಧುಮತಿ ಬಂದಳು. ಧಾರವಾಡದ ಕಡೆಯವಳು, ಬಿಟಿಎಂ ಬಡಾವಣೆಯಲ್ಲಿ ಬಾಡಿಗೆ ಮನೆ, ಸಮಾಜಶಾಸ್ತ್ರದ ಹೊಸ ಲೆಕ್ಚರರ್. ಯೋಜನೆಯನ್ನು ಇಬ್ಬರೂ ಸೇರಿ ನೋಡಿಕೊಳ್ಳಿ ಎಂದು ಪ್ರಿನ್ಸಿಪಾಲರು ಅವಳನ್ನೂ ಜೊತೆಗೆ ಹಾಕಿದರು. ಅಲ್ಲಿಂದ ಶುರುವಾಯಿತು ನೋಡಿ.

ಆಗ ನನ್ನ ಹಿಂದಿನ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದವಳು ಶಿವವ್ವ. ಬಾಗಲಕೋಟೆ ಕಡೆಯ ಹುಡುಗಿ, ಸುದ್ದಗುಂಟೆಪಾಳ್ಯದಲ್ಲಿ ಸೋದರಮಾವನ ಮನೆಯಲ್ಲಿದ್ದಳು. ಅವಳಿಗೆ ಸೀಟು ಕೊಡಿಸಲು ಓಡಾಡಿದವರು, ಜ್ವರ ಬಂದಾಗ ಡಾಕ್ಟರ ಹತ್ತಿರ ಕರೆದುಕೊಂಡು ಹೋದವರು ವಾರಿಜಾ ಮೇಡಂ. ಅವರ ಎದುರು ಒಂದು ವರ್ಷ ಪೂರ್ತಿ ಅವಳ ಬಾಯಿಂದ ಬಂದದ್ದು “ಹ್ಞೂಂರಿ ಮೇಡಂ” ಮಾತ್ರ. ಮಧುಮತಿ ಬಂದು ಅವಳೂರ ಮಾತಿನಲ್ಲಿ “ಊಟ ಆತೇನವಾ?” ಎಂದು ಕೇಳಿದ್ದೇ ತಡ, ಹುಡುಗಿ ಕಿಲಕಿಲ ನಗತೊಡಗಿದಳು. ಒಂದೇ ವಾರದಲ್ಲಿ ಮಧುಮತಿ ‘ಅಕ್ಕಾರು’ ಆದಳು. ವಾರಿಜಾ ಮೇಡಂ ಮೇಡಂ ಆಗಿಯೇ ಉಳಿದರು.

“ಅದೇನು ಅಕ್ಕಾರು ಅಕ್ಕಾರು ಅಂತ! ನಿನ್ನೆ ಮೊನ್ನೆ ಬಂದೋಳು!” ಎಂದು ನನ್ನ ಮುಂದೆ ಉರಿದುಬಿದ್ದರು. ಅಷ್ಟಕ್ಕೇ ಬಿಟ್ಟರೆ? ಒಂದು ದಿನ ಯಾವುದೋ ಖಾನಾವಳಿಯಿಂದ ಜೋಳದ ರೊಟ್ಟಿ, ಎಣಗಾಯಿ ಕಟ್ಟಿಸಿಕೊಂಡು ಬಂದು ಶಿವವ್ವನ ಎದುರು ಡಬ್ಬಿ ಬಿಚ್ಚಿದರು. ಅವಳು ತಲೆ ತಗ್ಗಿಸಿ ತಿಂದು “ಚಲೋ ಅದರಿ ಮೇಡಂ” ಅಂದಳು. ಮತ್ತೆ ಮೇಡಂ! ಅಂದು ಸಂಜೆಯವರೆಗೂ ಅವರು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಮಧುಮತಿ ಏನು ಮಾಡಿದರೂ ಇವರಿಗೆ ತಪ್ಪು. ಅವಳು ಹಾಕಿದ ನೋಟೀಸು ವಕ್ರ, ಮಕ್ಕಳಿಗೆ ಚಹಾ ಕೊಡಿಸಿದರೆ ಸಲುಗೆ. ಸ್ಟಾಫ್ ರೂಮಿನವರಿಗೆ ಇದು ಪುಕ್ಕಟೆ ನಾಟಕವಾಗಿತ್ತು.

ಹೀಗಿರುವಾಗ ಕಾಲೇಜ್ ಡೇ ಬಂತು. ದುಡಿದು ಓದುವ ಮಕ್ಕಳನ್ನು ವೇದಿಕೆಗೆ ಕರೆದು ಶಾಲು ಹೊದಿಸಬೇಕು ಎಂದು ಮಧುಮತಿ ಮೀಟಿಂಗಿನಲ್ಲಿ ಹೇಳಿದಳು.

“ದುಡಿಯೂದು ಏನ್ ಅವಮಾನೇನ್ರಿ? ಎಲ್ಲಾರಿಗೂ ತಿಳೀಲಿ.”

ವಾರಿಜಾ ಮೇಡಂ ಬಾಯಿ ತೆರೆದರು. ಅಷ್ಟರಲ್ಲೇ ಎಲ್ಲರೂ ಇವರತ್ತ ತಿರುಗಿ ತುಟಿಯಂಚಿನಲ್ಲಿ ನಕ್ಕರು.

“ಏನೋ ಹೇಳೋಕೆ ಹೊರಟ್ರಿ?” ಎಂದರು ಪ್ರಿನ್ಸಿಪಾಲರು.

“ಏನಿಲ್ಲ ಸಾರ್. ಮಾಡ್ಲಿ.”

ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದುಕೊಂಡರು. “ಬೇಡ ಅಂದಿದ್ರೆ ಹೊಟ್ಟೆಕಿಚ್ಚು ಅಂತಿದ್ರು. ನಂಗೇ ಗೊತ್ತಾಗ್ತಿಲ್ಲ ಗಿರಿಜಾ, ಹೊಟ್ಟೆಕಿಚ್ಚೋ ಏನೋ.”

ಸಮಾರಂಭ ಚೆನ್ನಾಗಿಯೇ ಆಯಿತು. ಶಿವವ್ವನ ಹೆಸರು ಮೈಕಿನಲ್ಲಿ ಕೂಗಿದರು, ಏನು ಕೆಲಸ ಮಾಡುತ್ತಾಳೆ ಎಂದೂ ಹೇಳಿದರು. ಚಪ್ಪಾಳೆ ಬಿತ್ತು. ಮಧುಮತಿಯ ಕಣ್ಣಲ್ಲಿ ನೀರು.

ಮಾರನೆಯ ದಿನ ಹಿಂದಿನ ಕೋಣೆಯಲ್ಲಿ ಅಳುವ ಸದ್ದು ಕೇಳಿತು. ನಾನು ಕಪಾಟಿನ ಈಚೆ ಇದ್ದೆ. ನನಗಿಂತ ಮೊದಲೇ ವಾರಿಜಾ ಮೇಡಂ ಒಳಗೆ ಹೋಗಿದ್ದರು. ಶಿವವ್ವನ ಮಡಿಲಲ್ಲಿ ಒಂದು ದೊಡ್ಡ ಬಟ್ಟೆಯ ಚೀಲ. ಅವಳ ತರಗತಿಯ ಹುಡುಗಿಯರು ತಮ್ಮ ತಮ್ಮ ಮನೆಯ ಹಳೇ ಚೂಡಿದಾರಗಳನ್ನು ಒಟ್ಟುಮಾಡಿ, ಇಸ್ತ್ರಿ ಮಾಡಿಸಿ, ಪ್ರೀತಿಯಿಂದಲೇ ತಂದುಕೊಟ್ಟಿದ್ದರು.

“ಮೊನ್ನಿತನಕ ನನ್ನ ಕಡೆ ನೋಟ್ಸ್ ಇಸ್ಕೊಂತಿದ್ರು ಮೇಡಂ,” ಎಂದಳು. ಚೀಲವನ್ನು ಮಡಿಲಿನಿಂದ ಆಚೆ ತಳ್ಳಿದಳು.

ವಾರಿಜಾ ಮೇಡಂ ಅವಳ ತಲೆಯನ್ನು ಎದೆಗೆ ಒತ್ತಿಕೊಂಡರು. ಸುಳ್ಳೇಕೆ, ಅವರ ಮುಖದಲ್ಲಿ ಸಂಕಟದ ಜೊತೆ ಸಂತೋಷವೂ ಇತ್ತು. ಅಳುವ ಹೊತ್ತಿಗೆ ಹುಡುಗಿ ತಮ್ಮ ಕೈಗೆ ಸಿಕ್ಕಳಲ್ಲ ಎಂಬ ಸಂತೋಷ. ಆಗ ಶಿವವ್ವ ತಲೆ ಎತ್ತಿದಳು.

“ಅಕ್ಕಾರಿಗೆ ಹೇಳಬ್ಯಾಡ್ರಿ ಮೇಡಂ. ಆಣೆ ಮಾಡ್ರಿ. ಪಾಪ, ಭಾಳ ನೊಂದ್ಕೊಂತಾರ.”

ಮೇಡಂ ಮುಖ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಸೆರಗಿನಿಂದ ಅವಳ ಕಣ್ಣೊರೆಸಿ, “ಆಣೆ” ಅಂದರು.

ಅಷ್ಟರಲ್ಲಿ ಮಧುಮತಿಯೇ ಬಂದಳು. ಶಿವವ್ವ ಚೀಲ ಎತ್ತಿಕೊಂಡು ಹಿಂಬಾಗಿಲಿನಿಂದ ಜಾರಿಕೊಂಡಳು.

“ಶಿವವ್ವ ಎಲ್ಲಿ ಹ್ವಾದ್ಲರಿ? ಖುಷಿ ಆಗ್ಯಾಳಿಲ್ಲೋ?”

“ಸಖತ್ ಖುಷಿಯಾಗಿದಾಳೆ,” ಎಂದರು ವಾರಿಜಾ ಮೇಡಂ. ಆ ಎರಡು ಮಾತು ಹೇಳಲು ಅವರು ಪಟ್ಟ ಪಾಡು ನನಗೊಬ್ಬಳಿಗೇ ಗೊತ್ತು.

ಮರುವರ್ಷ ಅದೇ ಮೀಟಿಂಗ್, ಶಾಲು ಹೊದಿಸುವ ಅದೇ ಮಾತು. ಈ ಸಲ ವಾರಿಜಾ ಮೇಡಂ ಮೇಜು ಕುಟ್ಟಿ ಎದ್ದರು.

“ಬೇಡ ಅಂದ್ರೆ ಬೇಡ. ಮಾಡೋದಾದ್ರೆ ನಾನು ಈ ಕೆಲಸದಲ್ಲಿ ಇರಲ್ಲ.”

“ಕಾರಣ ಏನ್ರಿ ಮೇಡಂ? ನನ್ನ ಕಂಡ್ರ ಯಾಕ ಆಗಂಗಿಲ್ಲ ನಿಮಗ?” ಎಂದಳು ಮಧುಮತಿ.

“ಆಗಲ್ಲ. ಅದೇ ಕಾರಣ ಅಂತ ಇಟ್ಕೊಳ್ಳಿ.”

ಶಾಲಿನ ಕಾರ್ಯಕ್ರಮ ನಿಂತಿತು. ವಾರಿಜಾ ಹೊಟ್ಟೆಕಿಚ್ಚಿಗೆ ಒಳ್ಳೇ ಕೆಲಸ ಕೆಡಿಸಿದಳು ಎಂಬ ಮಾತು ಕ್ಯಾಂಟೀನಿನವರೆಗೂ ಹಬ್ಬಿತು. ಅವರು ಅದನ್ನು ಅಲ್ಲಗಳೆಯಲಿಲ್ಲ.

ಡಿಗ್ರಿ ಮುಗಿಸಿ ಹೊರಡುವ ದಿನ ಶಿವವ್ವ ಮಧುಮತಿಯನ್ನು ತಬ್ಬಿಕೊಂಡು ಅತ್ತಳು. ಆಮೇಲೆ ವಾರಿಜಾ ಮೇಡಂ ಹತ್ತಿರ ಬಂದು ಕಾಲು ಮುಟ್ಟಿ “ಬರ್ತೀನ್ರಿ ಮೇಡಂ” ಎಂದಳು. ಅವಳೂ ಮಧುಮತಿಯೂ ಮಾತಾಡುತ್ತ ಮುಂದಿನ ಗೇಟಿನತ್ತ ಹೋದರು. ನಾವು ಕಿಟಕಿಯಲ್ಲಿ ನಿಂತು ನೋಡಿದೆವು.

“ನೀವು ಒಂದು ಮಾತು ಮಧುಮತಿಗೆ ಹೇಳಿಬಿಡಬಹುದಿತ್ತು,” ಎಂದೆ.

“ಆಣೆ ಮಾಡಿದೀನಿ,” ಅಂದರು. ಕಣ್ಣು ಇನ್ನೂ ಗೇಟಿನ ಮೇಲೇ ಇತ್ತು. “ಏನ್ ಪುಣ್ಯ ಮಾಡಿದಾಳೆ ಕಣೆ ಆ ಮಧುಮತಿ!”

ಆಮೇಲೆ ಕೆಲಸಕ್ಕೆ ಹೊಸ ಮಕ್ಕಳು ಬರುವ ಹೊತ್ತಾಯಿತೆಂದು ಹಿಂಬಾಗಿಲಿನ ಚಿಲಕ ತೆಗೆಯಲು ಹೋದರು.