ಮಲಕಪ್ಪ ಕೂಗುತ್ತಿದ್ದ ಹೆಸರುಗಳು

ಅಂಬೇವಾಡಿಯ ಆಚೆ, ಕಲ್ಲಿನ ಖಣಿಯಿಂದ ರೈಲು ಸೈಡಿಂಗಿನವರೆಗೆ ಎರಡು ಮೈಲಿ ಹಳಿ ಇತ್ತು. ಎಂಜಿನ್ ಇರಲಿಲ್ಲ. ಜಲ್ಲಿ ತುಂಬಿದ ಡಬ್ಬಿಗಳು ಇಳಿಜಾರಿನಲ್ಲಿ ತಾವೇ ಉರುಳುತ್ತಿದ್ದವು, ಖಾಲಿಯಾದವನ್ನು ಎತ್ತುಗಳು ಮೇಲೆಳೆಯುತ್ತಿದ್ದವು. ಡಬ್ಬಿಯ ಮೇಲೆ ನಿಂತು ಬ್ರೇಕಿನ ಹಿಡಿ ಒತ್ತುವವನು ಮಲಕಪ್ಪ. ೧೯೫೮ರಲ್ಲಿ ಹಳಿ ಹಾಸಲು ಸವದತ್ತಿ ಕಡೆಯಿಂದ ಬಂದವನು, ಹೆಂಡತಿ ಚಳಿಜ್ವರಕ್ಕೆ ಹೋದಮೇಲೂ ಅಲ್ಲೇ ಉಳಿದಿದ್ದ.

ಖಣಿಯ ಸುತ್ತ ಒಂದೂ ಮರ ಬಿಟ್ಟಿರಲಿಲ್ಲ. ಬಿಸಿಲಿಗಾಗಲಿ ಮಳೆಗಾಗಲಿ ಮರೆಯೆಂದರೆ ನಿಂತ ಡಬ್ಬಿಗಳ ಅಡಿ ಮಾತ್ರ. ಕಲ್ಲೊಡೆಯುವ ಹೆಂಗಸರು ಅಲ್ಲಿಯೇ ಸೀರೆಯ ಜೋಲಿ ಕಟ್ಟಿ ಕೂಸುಗಳನ್ನು ಮಲಗಿಸುತ್ತಿದ್ದರು. ಖಣಿಯ ಗುಮಾಸ್ತರ ಹೆಂಡತಿಯಾಗಿ, ಏಳು ತಿಂಗಳ ಮಗಳನ್ನೆತ್ತಿಕೊಂಡು ಧಾರವಾಡದಿಂದ ಬಂದ ನಾನು ಅದನ್ನು ಕಂಡು ಎರಡು ದಿನ ಅವಳನ್ನು ಕಂಕುಳಿಂದ ಇಳಿಸಲಿಲ್ಲ.

"ಹೆದರಬ್ಯಾಡ್ರಿ ಅಕ್ಕಾರ," ಎಂದ ಮಲಕಪ್ಪ. "ಹಾಜರಿ ತಗೊಳ್ಳದ ನಾ ಗಾಡಿ ಬಿಡಾಂಗಿಲ್ಲ."

ಚಕ್ರದ ಮುಂದಿನ ಬೆಣೆ ತೆಗೆಯುವ ಮುಂಚೆ ಅವನು ಒಂದೊಂದೇ ಕೂಸಿನ ಹೆಸರು ಕೂಗುತ್ತಿದ್ದ.

"ಯಲ್ಲವ್ವನ ಸೋಮ್ಯಾ!"

"ಕಂಕುಳಾಗ ಅದಾನೋ!"

"ಶಂಕ್ರೆವ್ವನ ಗಂಗಿ!"

"ಹಾಲು ಕುಡ್ಯಾಕ ಹತ್ಯಾಳ, ನಿನಗೂ ಬೇಕೇನು?"

ಹೆಂಗಸರೆಲ್ಲ ನಗುತ್ತಿದ್ದರು. ಕೊನೆಯ ಉತ್ತರ ಬಂದಮೇಲೆಯೇ ಬೆಣೆಗೆ ಕೈ.

ನಾನು ಬಂದ ಮೂರನೆಯ ವರ್ಷ ಯುಗಾದಿಯ ನಂತರ ಮುಂಡಗೋಡದ ಕಡೆಯಿಂದ ತಾಯವ್ವ ಬಂದಳು. ಹೆಸರಿಟ್ಟ ಮೂರು ಮಕ್ಕಳನ್ನು ಮಣ್ಣು ಮಾಡಿದ್ದವಳು. ನಾಲ್ಕನೆಯ ಗಂಡುಕೂಸಿಗೆ ಐದು ತುಂಬಿದ ಮೇಲೆ ಉಳವಿಗೆ ಒಯ್ದು ಅಲ್ಲಿನ ದೇವರ ಹೆಸರನ್ನೇ ಇಡುವ ಹರಕೆ ಹೊತ್ತಿದ್ದಳು. ಅಲ್ಲಿಯವರೆಗೆ ಅದು ಬರೀ ಕೂಸು. ಈಗಲೇ ಒಂದು ಹೆಸರಿಡಬಾರದೇ ಎಂದು ನಾನು ಓದಿದವಳ ಬುದ್ಧಿ ಹೇಳಹೋದೆ.

"ಸುಮ್ಕಿರ್ರಿ ಅಕ್ಕಾರ. ಹೆಸರಿದ್ದದ್ದನ್ನ ಯಮ ಕರೀತಾನ." ಮಲಕಪ್ಪನಿಗೂ ಕೈಮುಗಿದು ಹೇಳಿದಳು: "ಅಣ್ಣಾ, ನನ್ನ ಕೂಸನ್ನ ಕೂಗಬ್ಯಾಡ. ನಾನ ತೆಗೀತೇನಿ."

ಅವನು ಒಪ್ಪಿದ. ದಿನವೂ ತಾಯವ್ವ ತಾನಾಗಿ ಕೂಸನ್ನೆತ್ತಿ ತೋರಿಸುತ್ತಿದ್ದಳು, ಅವನು ತಲೆಯಾಡಿಸುತ್ತಿದ್ದ.

ಶ್ರಾವಣದ ಒಂದು ಮಧ್ಯಾಹ್ನ ಮಳೆ ಹೊಳವಾಗಿತ್ತು. ಹಳಿ ಇನ್ನೂ ಒದ್ದೆ. ತಾಯವ್ವ ಹಳ್ಳಕ್ಕೆ ನೀರಿಗೆ ಹೋಗಿದ್ದಳು. ಮಲಕಪ್ಪ ಎಂಟು ಹೆಸರು ಕೂಗಿದ, ಎಂಟೂ ಉತ್ತರ ಬಂದವು. ಆಳುಗಳ ಮೇಲಿನ ಮುಕಾದಮ ಬೇರೆ ಅವಸರ ಮಾಡುತ್ತಿದ್ದ. ಬೆಣೆ ತೆಗೆದು, ಅದನ್ನು ಹಿಡಿದೇ ಡಬ್ಬಿ ಹತ್ತಿದ.

ಇಪ್ಪತ್ತು ಮಾರು ಉರುಳಿರಬೇಕು, ಅವನ ಕಾಲಡಿಯಿಂದ ಅಳು ಕೇಳಿತು. ಬ್ರೇಕು ಒತ್ತಿದರೆ ಚಕ್ರ ಒದ್ದೆ ಹಳಿಯ ಮೇಲೆ ಜಾರಿತು. ಮಲಕಪ್ಪ ಕೆಳಗೆ ಹಾರಿ, ಮುಂದೆ ಓಡಿ, ಬೆಣೆಯನ್ನು ಕೈಯಿಂದಲೇ ಚಕ್ರಕ್ಕೆ ತುರುಕಿದ. "ಉಳವಪ್ಪಾ!" ಎಂದು ಚೀರಿದ್ದು ನಮ್ಮ ಬಾಗಿಲಿಗೂ ಕೇಳಿಸಿತು.

ಡಬ್ಬಿ ನಿಂತಿತು. ಜೋಲಿಯಲ್ಲಿದ್ದ ಕೂಸಿನ ಹಣೆ ತರಚಿತ್ತು, ಅಷ್ಟೇ. ಮಲಕಪ್ಪನ ಬಲಗೈಯನ್ನು ಆಸ್ಪತ್ರೆಯಲ್ಲಿ ಮಣಿಕಟ್ಟಿಗೆ ಕತ್ತರಿಸಿದರು.

"ಕೈ ಹಾಕು ಅಂತ ಯಾರು ಹೇಳಿದ್ರು?" ಎಂದ ಖಣಿಯ ಗುತ್ತಿಗೆದಾರ. ಆದರೂ ಡಬ್ಬಿಯಡಿ ಜೋಲಿ ಕಟ್ಟಕೂಡದೆಂದು ಹುಕುಂ ಮಾಡಿ, ಒಂದು ತಗಡಿನ ಚಪ್ಪರ ಹಾಕಿಸಿ, ಕೂಸುಗಳನ್ನು ನೋಡಿಕೊಳ್ಳಲು ಮಲಕಪ್ಪನನ್ನೇ ಕೂಡಿಸಿದ. ಎಲ್ಲರೂ ತಂದು ಬಿಟ್ಟರು. ತಾಯವ್ವ ಬಿಡಲಿಲ್ಲ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡೇ ಕಲ್ಲೊಡೆದಳು. ಚೂರು ಸಿಡಿದಾಗಲೆಲ್ಲ ನಾನು ಕಣ್ಣು ಮುಚ್ಚುತ್ತಿದ್ದೆ.

"ನಿನ್ನ ಕೂಸಿಗಾಗಿ ಕೈ ಕಳಕೊಂಡಾನಲ್ಲ?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಅದಕ್ಕ ಹೆಸರು ಕೊಟ್ಟಾನ್ರಿ. ಅಷ್ಟು ಮಂದಿ ಮುಂದ, ಅಷ್ಟು ಜೋರಾಗಿ."

"ದೇವರನ್ನ ಕರದಾನವ್ವಾ ಅಂವ!"

"ಯಾರನ್ನ ಕರದ್ರೇನ್ರಿ, ಯಮಗ ಕೇಳೇತಿ."

ಮಲಕಪ್ಪನಿಗೆ ಇದನ್ನು ಹೇಳಿದೆ. ಹೇಳಬಾರದಿತ್ತೇನೋ. "ನಾ ಯಾರನ್ನ ಕರದ್ನೋ ನನಗೂ ತಿಳೀವಲ್ದ್ರಿ ಅಕ್ಕಾರ," ಎಂದ.

ಅರವತ್ತಮೂರರಲ್ಲಿ ಲಾರಿ ರಸ್ತೆಯಾಯಿತು, ಹಳಿ ಕಿತ್ತರು. ಕೆಲಸದವರು ಗಂಟುಮೂಟೆ ಕಟ್ಟಿಕೊಂಡು ಚಪ್ಪರದ ಮುಂದೆ ಹಾದುಹೋದರು. ಮಲಕಪ್ಪ ಒಬ್ಬೊಬ್ಬರ ಮಕ್ಕಳನ್ನೂ ಹೆಸರು ಹಿಡಿದು ಕರೆದು ಬೀಳ್ಕೊಟ್ಟ. ಕೊನೆಗೆ ತಾಯವ್ವ ಬಂದಳು. ನಡೆಯುವಷ್ಟಾದ ಹುಡುಗನನ್ನು ಇನ್ನೂ ಬೆನ್ನ ಮೇಲೆಯೇ ಹೊತ್ತಿದ್ದಳು. ಅವಳು ದಾಟುವವರೆಗೂ ಮಲಕಪ್ಪ ಉಳಿದ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದ.