ಕೈಗೆ ಕೊಟ್ಟ ಕೆರ

‘ಅವ್ವಾ, ಮಾನಮ್ಮಜ್ಜಿ ಹೊಲಿದುಕೊಟ್ಟ ಕೆರದಾಗ ದೊಡ್ಡಪ್ಪ ಆಕಿಗೇ ಯಾಕ ಹೊಡದ?’

ಇವತ್ತು ಬೆಳಿಗ್ಗೆ ಆರು ವರ್ಷದ ಶಾಂಭವಿ ಹೀಗೆ ಕೇಳಿದಾಗ ಗುರುದೇವಿ ಮಗಳ ಜಡೆ ಹೆಣೆಯುತ್ತಿದ್ದಳು. ದೊಡ್ಡಪ್ಪನೆಂದರೆ ಗಂಡನ ಅಣ್ಣ ಹಂಪಣ್ಣ. ಶಹಾಪುರದ ಬಜಾರಿನಲ್ಲಿ ಅವನದು ಗೊಬ್ಬರದ ಅಂಗಡಿ. ಅಣ್ಣ ತಮ್ಮಂದಿರದು ಒಂದೇ ಮನೆ, ಒಂದೇ ಒಲೆ.

‘ಸಾಲಿಗೆ ಹೊತ್ತಾತು. ತಲಿ ಅಲುಗಾಡಿಸಬ್ಯಾಡ’ ಎಂದಳು.

ಮಾನಮ್ಮ ದೋರನಹಳ್ಳಿಯ ಮಗಳು. ಅವಳಪ್ಪ ಹೊಲಿದ ಕೆರ ಮೂರು ಮಳೆಗಾಲ ತಡೆಯುತ್ತಿತ್ತಂತೆ. ಗಂಡ ತೀರಿಕೊಂಡ ತಿಂಗಳಿಗೇ ಅವನ ಉಳಿ, ದಾರ, ತಗಡಿನ ಡಬ್ಬಿ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಗೋಡೆಯ ನೆರಳಿಗೆ ಬಂದು ಕೂತಳು. ಇಪ್ಪತ್ತೆರಡು ವರ್ಷವಾಯಿತು. ಹೊಸ ಕೆರ ಹೊಲಿಸುವವರು ಈಗಿಲ್ಲ. ಪ್ಲಾಸ್ಟಿಕ್ ಚಪ್ಪಲಿಗೆ ಬಾರು, ಸಾಲಿ ಚೀಲಕ್ಕೆ ಪಟ್ಟಿ, ಅಷ್ಟೆ.

ದಿನವಿಡೀ ಅವಳ ಕಿವಿಗೆ ಬೀಳುವುದೂ ಕೆರದ ಮಾತೇ. ತಹಸೀಲಿಗೆ ತಿರುಗಿ ತಿರುಗಿ ಕೆರ ಸವದ್ವು ಎನ್ನುವವನೊಬ್ಬ, ಅವ ನನ್ನ ಕೆರದ ಧೂಳಿಗೂ ಸಮ ಇಲ್ಲ ಎನ್ನುವವನೊಬ್ಬ. ಕೆರ ಹರಿಯುವಂಗ ಬಡೀತೀನಿ ಎಂದು ಯಾರಾದರೂ ಫೋನಿನಲ್ಲಿ ಒದರಿದರೆ ಮಾನಮ್ಮ ತಲೆಯೆತ್ತದೆಯೇ, ‘ಬಡೀರಿ ಸಾಹುಕಾರ್ರ, ಹೊಲ್ಯಾಕ ನಾ ಕುಂತೀನಲ್ಲ’ ಎನ್ನುತ್ತಿದ್ದಳು. ಸಿಟ್ಟಾದವನೂ ನಗುತ್ತಿದ್ದ.

ಆದರೆ ರಿಪೇರಿಯಾದ ಕೆರವನ್ನು ಅವಳು ಯಾರ ಕೈಗೂ ಕೊಟ್ಟವಳಲ್ಲ. ಜೋಡಿಸಿ ನೆಲದ ಮೇಲೆ ಮುಂದಕ್ಕೆ ಸರಿಸುವುದು, ಅವರೇ ಕಾಲು ತೂರಿಸಿಕೊಳ್ಳುವುದು. ಕೆರ ಹಿಡಿದ ಕೈ ಮೇಲೆದ್ದರೆ ಅದು ಕೆರ ತೋರಿಸಿದಂತೆ. ಗಂಡ ಅವಳಿಗೆ ಹೊಲಿಗೆಗಿಂತ ಮೊದಲು ಕಲಿಸಿದ್ದು ಇದನ್ನು.

ಸೋಮವಾರ ಹಂಪಣ್ಣ ಬೈಕಿನಿಂದ ಇಳಿಯಲಿಲ್ಲ. ಕೆಳಗೆ ಚರಂಡಿಯ ನೀರು ನಿಂತಿತ್ತು, ಕಿವಿಯಲ್ಲಿ ಫೋನಿತ್ತು. ‘ಲಗೂನ ಕೊಡಬೇ’ ಎಂದು ಕೈ ಚಾಚಿದ. ಹೊಸ ಅಟ್ಟೆ ಹಾಕಿದ ಕೆರವನ್ನು ರಾಡಿಯಲ್ಲಿ ಇಡಲು ಮಾನಮ್ಮನಿಗೆ ಮನಸ್ಸಾಗಲಿಲ್ಲ. ಎತ್ತಿ ಹಿಡಿದಳು.

ಬೈಕಿನ ಹಿಂದೆ ಕೂತಿದ್ದ ಸೈದಾಪುರದ ವ್ಯಾಪಾರಿ ನಕ್ಕ. ‘ಏನ್ರಿ ಹಂಪಣ್ಣೋರ, ಮುದುಕಿ ನಿಮಗ ಕೆರ ತೋರಿಸಾಕತ್ಯಾಳಲ್ಲ!’

ಹಂಪಣ್ಣ ಅದನ್ನು ಕಸಿದುಕೊಂಡು ಅವಳ ಕೆನ್ನೆಗೆ ಬಾರಿಸಿದ. ‘ನನ್ನ ಕೆರ ಹೊಲಿದು ಹೊಟ್ಟಿ ಹೊರ್ಕೊಳ್ಳಾಕಿ, ನನಗ ಕೆರ ತೋರಿಸ್ತಿ?’

ಪಟ್ಟಿ ಕಿತ್ತ ಚೀಲ ಹಿಡಿದು ಗುರುದೇವಿ ನಾಲ್ಕೇ ಹೆಜ್ಜೆ ಆಚೆಗಿದ್ದಳು. ಮಗಳನ್ನು ಸೆರಗಿಗೆ ಎಳೆದುಕೊಂಡು ಮನೆಗೆ ಬಂದುಬಿಟ್ಟಳು. ಅವಳು ಮಾಡಿದ್ದು ಅಷ್ಟೇ.

ಮಾರನೆಯ ದಿನ ಓಣಿಯ ಹಿರಿಯ ಬಸವಲಿಂಗ ಇಬ್ಬರನ್ನೂ ಕೂಡಿಸಿ ಹೇಳಿದ: ‘ಆಕಿದೂ ತಪ್ಪೈತಿ, ಇವಂದೂ ಐತಿ. ಕೆರ ಅನ್ನೋದು ನಮ್ಮ ಬಾಯಾಗ ಹಂಗೇ ಬರೋ ಮಾತು. ಮನಸ್ಸಿಗೆ ಹಚ್ಕೋಬ್ಯಾಡಬೇ.’

‘ಮಾತು ಇಲ್ಲಿಮಟ ಹಚ್ಕೊಂಡಿಲ್ರಿ’ ಎಂದಳು ಮಾನಮ್ಮ. ‘ಕೆರ ಕೆನ್ನಿಗೆ ಹತ್ತೈತಿ.’ ಎದ್ದು ಹೋದಳು.

ಇವತ್ತು ಮಧ್ಯಾಹ್ನ ಮಾನಮ್ಮ ಗುರುದೇವಿಯ ಹಿತ್ತಲ ಬಾಗಿಲಿಗೆ ಬಂದಳು. ಕೆನ್ನೆಯ ಬಾವು ಇನ್ನೂ ಇಳಿದಿರಲಿಲ್ಲ. ಅರ್ಜಿ ಬರೆಯುವವನಿಂದ ಬರೆಸಿದ ಹಾಳೆಯನ್ನು ಕುಬಸದಿಂದ ತೆಗೆದಳು.

‘ಠಾಣ್ಯಾಗ ಕೊಡೋಕಿಂತ ಮೊದಲ ಒಂದು ಸಲ ಓದ್ರಿ ಯವ್ವಾ. ನನಗ ಅಕ್ಷರ ಬರಂಗಿಲ್ಲ.’

ಗುರುದೇವಿ ತಗ್ಗಿದ ದನಿಯಲ್ಲಿ ಓದಿದಳು. ಸದರಿ ವ್ಯಕ್ತಿಯು ಅರ್ಜಿದಾರಳನ್ನು ಅವಾಚ್ಯ ಶಬ್ದಗಳಿಂದ ನಿಂದಿಸಿರುತ್ತಾರೆ.

‘ಅಂದ್ರ?’

‘ಬೈದಾನ ಅಂತ.’

‘ಹೊಡದದ್ದು?’

‘ಬರದಿಲ್ಲ.’

‘ಕೆರ ಅನ್ನೋದಾದ್ರೂ ಐತೇನು?’

‘ಇಲ್ಲವ್ವ.’

ಮಾನಮ್ಮ ಹಾಳೆಯನ್ನು ಇಸಿದುಕೊಂಡು ನಾಲ್ಕು ಮಡಿಕೆ ಮಾಡಿದಳು. ಪಡಸಾಲೆಯಲ್ಲಿ ಹಂಪಣ್ಣ ಕೆಮ್ಮಿ ಚಹಾ ಕೇಳಿದ. ಗುರುದೇವಿ ಕದವನ್ನು ಅರ್ಧ ಎಳೆದುಕೊಂಡಳು.

‘ನಿಮ್ಮ ಅಕ್ಷರ ಚಂದ ಅದಾವಂತ’ ಎಂದಳು ಮಾನಮ್ಮ, ಇನ್ನೂ ದನಿ ತಗ್ಗಿಸಿ. ‘ಹೊಸ ಹಾಳ್ಯಾಗ ನೀವೇ ಬರ್ಕೊಡ್ರಿ ಯವ್ವಾ. ಅಂವ ಏನಂದ, ಯಾತರಿಂದ ಹೊಡದ, ಹಂಗಿಂದ ಹಂಗೇ ಬರೀರಿ. ಕೆಳಗ, ನಾ ಕಣ್ಣಿಲೆ ನೋಡೀನಿ ಅಂತ ನಿಮ್ಮ ಹೆಸರು ಹಾಕ್ರಿ.’